ಸೀಸ, ಹುಲ್ಲು, ಬೂದಿ: ಈ ಆನ್ಸೆಲ್ಮ್ ಕೀಫರ್‌ನ ಕೆಲಸವನ್ನು ನೋಡುವುದು ಹೇಗೆ?

ಊರುಬಿಟ್ಟವ
ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸಕ್ಕೆ ಅಂತ ಮೂರು ವಾರದಿಂದ ಮಿಲಾನ್‌ನಲ್ಲಿದ್ದೇನೆ. ಕಳೆದ ಭಾನುವಾರ ಮಾಡಲು ಏನೂ ಇರಲಿಲ್ಲ. ಹೋಟೆಲಿನ ಹುಡುಗಿ "ಹ್ಯಾಂಗರ್ ಬಿಕೊಕ್ಕಾ ನೋಡಿ, ಪ್ರವೇಶ ಫ್ರೀ" ಎಂದಳು. ಫ್ರೀ ಅಂದಮೇಲೆ ಬಿಡುವ ಜಾಯಮಾನ ನಮ್ಮದಲ್ಲ. ಹೋದೆ.

ಅದು ಹಿಂದೆ ರೈಲಿನ ಭಾಗಗಳನ್ನು ಮಾಡುತ್ತಿದ್ದ ಕಾರ್ಖಾನೆಯಂತೆ. ಒಳಗೆ ಗವ್ ಅನ್ನುವ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಕಂಡಿದ್ದು ಏಳು ಕಾಂಕ್ರೀಟ್ ಗೋಪುರಗಳು. ಒಂದೊಂದೂ 90 ಟನ್, 14ರಿಂದ 18 ಮೀಟರ್ ಎತ್ತರ. ಸೊಟ್ಟಗೆ, ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗೆ ನಿಂತಿವೆ. ಬಿಲ್ಡರ್ ದುಡ್ಡು ಖಾಲಿಯಾಗಿ ಅರ್ಧಕ್ಕೆ ಬಿಟ್ಟು ಹೋದ ಅಪಾರ್ಟ್‌ಮೆಂಟ್ ನೋಡಿದ್ದೀರಲ್ಲ, ಹಾಗೆ. ಕೆಳಗೆ ಒಡೆದ ಗಾಜು, ಅಲ್ಲಲ್ಲಿ ಸೀಸದ ಪುಸ್ತಕಗಳು. 2004ರಲ್ಲಿ ಮಾಡಿದ್ದು, ಹೆಸರು 'ಏಳು ಸ್ವರ್ಗೀಯ ಅರಮನೆಗಳು', ಕಲಾವಿದ ಆನ್ಸೆಲ್ಮ್ ಕೀಫರ್.

ನನಗೆ ಚಿತ್ರಕಲೆ ಗೊತ್ತಿಲ್ಲ. ಆದರೂ ಒಂದೂವರೆ ಗಂಟೆ ಅಲ್ಲೇ ಇದ್ದೆ, ಯಾಕೆ ಅಂತ ತಿಳಿಯಲಿಲ್ಲ. ರಾತ್ರಿ ರೂಮಿಗೆ ಬಂದು ಹುಡುಕಿದರೆ ಮೊದಲು ಸಿಕ್ಕಿದ್ದು ಈ ಮನುಷ್ಯ ನಾಜಿ ಸೆಲ್ಯೂಟ್ ಹೊಡೆಯುತ್ತಾ ನಿಂತಿರುವ ಫೋಟೋ! ತಲೆ ಕೆಟ್ಟುಹೋಯಿತು. ಇವನು ಯಾವ ಕಡೆಯವನು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ ನೋಡೋನು
ಗಿಮಿಕ್. ಮುಂದಿನ ಪ್ರಶ್ನೆ.

ಗರಂ ಗಿರ್ಮಿಟ್
90 ಟನ್ ಗಿಮಿಕ್ ಮಾಡೋಕೂ ಕ್ರೇನ್ ಬೇಕಲ್ರೀ 😄

ಲೆಕ್ಕದ ಮೇಷ್ಟ್ರು
ಹಿಟ್ಲರನ ಸೈನ್ಯದಲ್ಲಿದ್ದು ಆಮೇಲೆ ಪಶ್ಚಾತ್ತಾಪ ಪಟ್ಟ ಕಲಾವಿದರು ಜರ್ಮನಿಯಲ್ಲಿ ಹಲವರಿದ್ದಾರೆ. ಇವರೂ ಅದೇ ಸಾಲಿನವರು ಇರಬೇಕು.

ಫ್ರೈಬುರ್ಗ್ ಅಕ್ಕ
ಇಲ್ಲ ಮೇಷ್ಟ್ರೇ, ಲೆಕ್ಕ ತಪ್ಪಿತು. ಕೀಫರ್ ಹುಟ್ಟಿದ್ದು 1945ರ ಮಾರ್ಚ್ 8ಕ್ಕೆ. ಯುರೋಪಿನಲ್ಲಿ ಯುದ್ಧ ಮುಗಿದಿದ್ದು ಮೇ 8ಕ್ಕೆ. ಸರಿಯಾಗಿ ಎರಡು ತಿಂಗಳ ಕೂಸು. ಸೈನ್ಯದಲ್ಲಿದ್ದದ್ದು ಅವರ ಅಪ್ಪ.

ಹುಟ್ಟಿದ ಊರು ಡೋನೌಎಶಿಂಗನ್, ನಾನಿರುವಲ್ಲಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಡ್ಯಾನ್ಯೂಬ್ ನದಿಯ ಮೂಲ ಅಂತ ಒಂದು ಸಣ್ಣ ಕೊಳಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿದ್ದಾರೆ. ನಮ್ಮ ತಲಕಾವೇರಿಯ ಹಾಗೆ ಅಂದುಕೊಳ್ಳಿ, ಭಕ್ತರು ಮಾತ್ರ ಇಲ್ಲ, ಸೈಕಲ್ ಸವಾರರು ಇದ್ದಾರೆ. ಬಾಂಬ್ ದಾಳಿಯ ಕಾಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೆರಿಗೆ. ಅದೇ ರಾತ್ರಿ ಅವರ ಮನೆಗೆ ಬಾಂಬ್ ಬಿತ್ತು. ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದಿದ್ದಕ್ಕೆ ಬದುಕಿಕೊಂಡರು ಅಂತ ಅವರೇ ಹಲವು ಕಡೆ ಹೇಳಿದ್ದಾರೆ. ಆಟದ ಸಾಮಾನು ಇರಲಿಲ್ಲ. ಬಿದ್ದ ಮನೆಗಳ ಇಟ್ಟಿಗೆ ಆರಿಸಿಕೊಂಡು ಪುಟ್ಟ ಮನೆ ಕಟ್ಟಿ ಆಡುತ್ತಿದ್ದರಂತೆ. ನೀವು ಮಿಲಾನ್‌ನಲ್ಲಿ ಸೊಟ್ಟ ಗೋಪುರ ನೋಡಿದಿರಲ್ಲ, ಅದರ ಮೊದಲ ಮಾದರಿ ಅಲ್ಲೇ ಇತ್ತು ಅನ್ನಿಸುತ್ತದೆ ನನಗೆ.

ಅಪ್ಪ ಚಿತ್ರಕಲೆಯ ಮೇಷ್ಟ್ರು. 19ನೇ ಶತಮಾನದ ಆನ್ಸೆಲ್ಮ್ ಫಾಯರ್‌ಬಾಖ್ ಅನ್ನುವ ಚಿತ್ರಕಾರನ ಹೆಸರನ್ನೇ ಮಗನಿಗೆ ಇಟ್ಟರು. ಮಗ ಮೊದಲು ಓದಲು ಹೋಗಿದ್ದು ಮಾತ್ರ ಕಾನೂನು, ಇಲ್ಲೇ ಫ್ರೈಬುರ್ಗ್‌ನಲ್ಲಿ. ಆಮೇಲೆ ಅದನ್ನು ಬಿಟ್ಟು ಚಿತ್ರಕಲೆಗೆ ಬಂದರು, ಇಲ್ಲಿ ಸ್ವಲ್ಪ ದಿನ, ನಂತರ ಕಾರ್ಲ್ಸ್‌ರೂಹ.

ಪುಸ್ತಕದ ಹುಳು
ಅಕ್ಕಾ, ಸೆಲ್ಯೂಟ್ ವಿಷಯ ಹೇಳಿ ಮೊದಲು. ಅದಕ್ಕೇ ಎಲ್ಲರೂ ಕಾಯುತ್ತಿದ್ದಾರೆ.

ಫ್ರೈಬುರ್ಗ್ ಅಕ್ಕ
ಬಂದೆ ಬಂದೆ, ಒಲೆ ಮೇಲೆ ಸಾರು ಇಟ್ಟಿದ್ದೆ.

1969. ಕೀಫರ್‌ಗೆ 24 ವರ್ಷ. ಅಪ್ಪನ ಹಳೇ ಮಿಲಿಟರಿ ಕೋಟು ಹಾಕಿಕೊಂಡು ಸ್ವಿಟ್ಜರ್ಲೆಂಡ್, ಫ್ರಾನ್ಸ್, ಇಟಲಿ ಸುತ್ತಿದರು. ಸಮುದ್ರದ ದಡ, ಹಳೇ ಸ್ಮಾರಕ, ಹೀಗೆ ಸಿಕ್ಕಲ್ಲೆಲ್ಲ ಬಲಗೈ ಚಾಚಿ ನಿಂತು ಫೋಟೋ ತೆಗೆಸಿಕೊಂಡರು. ಸರಣಿಯ ಹೆಸರು 'ಆಕ್ರಮಣಗಳು' ಅಂತ ಅನುವಾದಿಸಬಹುದು. ಹಿಟ್ಲರ್ ಸೈನ್ಯ ಕಟ್ಟಿಕೊಂಡು ಮಾಡಿದ್ದನ್ನು ಇವನೊಬ್ಬನೇ, ಕೆದರಿದ ಕೂದಲು ಬಿಟ್ಟುಕೊಂಡು ಮಾಡಿದ. ಒಂದು ಫೋಟೋದಲ್ಲಿ ನಮಗೆ ಬೆನ್ನು ಹಾಕಿ ಸಮುದ್ರಕ್ಕೆ ಸೆಲ್ಯೂಟ್ ಹೊಡೆಯುತ್ತಿದ್ದಾನೆ. ಸಮುದ್ರ ತನ್ನ ಪಾಡಿಗೆ ತಾನು ಇದೆ. ಇನ್ನೊಂದು ಮನೆಯೊಳಗೆ, ನೀರಿನ ಮೇಲೆ ನಡೆಯುವ ಪ್ರಯತ್ನ ಅಂತ ಬಚ್ಚಲ ತೊಟ್ಟಿಯಲ್ಲಿ ನಿಂತಿದ್ದು. ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ಇರುಸುಮುರುಸು ಆಗುತ್ತದೆ.

ಇಲ್ಲಿ ಜರ್ಮನಿಯಲ್ಲಿ ಆ ಸೆಲ್ಯೂಟ್ ಕಾನೂನಿನ ಪ್ರಕಾರ ಅಪರಾಧ, ಇವತ್ತಿಗೂ. ಕಾಲೇಜಿನಲ್ಲಿ ಈ ಫೋಟೋಗಳನ್ನು ತೋರಿಸಿದಾಗ ಅಧ್ಯಾಪಕರೆಲ್ಲ ಕೆಂಡವಾದರು. ಪರವಾಗಿ ನಿಂತವರು ರೈನರ್ ಕ್ಯೂಶೆನ್‌ಮೈಸ್ಟರ್ ಅನ್ನುವ ಅಧ್ಯಾಪಕರೊಬ್ಬರು. ಅವರು ಹುಡುಗನಾಗಿದ್ದಾಗ ನಾಜಿ ಕ್ಯಾಂಪಿನಲ್ಲಿ ಇದ್ದು ಬಂದವರು. ಅನುಭವಿಸಿದವರಿಗೆ ಅರ್ಥವಾಯಿತು, ಉಳಿದವರಿಗೆ ಮುಜುಗರವಾಯಿತು.

ಸುಮ್ನೆ ನೋಡೋನು
ಅಕ್ಕಾ, ಇದೇ ಫೋಟೋವನ್ನು ಒಬ್ಬ ನಿಜವಾದ ನಾಜಿ ಅಭಿಮಾನಿ ತೆಗೆಸಿಕೊಂಡಿದ್ದರೆ ನೋಡೋಕೆ ಏನು ವ್ಯತ್ಯಾಸ ಇರುತ್ತಿತ್ತು? ಅಡಿಯಲ್ಲಿ "ಇದು ವ್ಯಂಗ್ಯ" ಅಂತ ಚೀಟಿ ಅಂಟಿಸಿದರೆ ಮಾತ್ರ ಗೊತ್ತಾಗುವ ವ್ಯಂಗ್ಯ ಎಂಥ ವ್ಯಂಗ್ಯ?

ಕುಂಚ ಕಾವೇರಿ
ಈ ಪ್ರಶ್ನೆ ಕೇಳಿದವರಲ್ಲಿ ನೀವು ಮೊದಲಿನವರಲ್ಲ. 1975ರಲ್ಲಿ 'ಇಂಟರ್‌ಫಂಕ್ಷಿಯೋನೆನ್' ಎಂಬ ಕಲಾಪತ್ರಿಕೆ ಈ ಫೋಟೋಗಳನ್ನು ಅಚ್ಚು ಹಾಕಿತು. ಬೆಲ್ಜಿಯಂನ ಕಲಾವಿದ ಮಾರ್ಸೆಲ್ ಬ್ರೂಟರ್ಸ್ ಸೇರಿದಂತೆ ಹಲವರು ಸಿಡಿದೆದ್ದರು. ಪತ್ರಿಕೆ ಅಲ್ಲಿಗೇ ನಿಂತುಹೋಯಿತು. 1980ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಇನ್ನೊಬ್ಬ ಜರ್ಮನ್ ಕಲಾವಿದ ಜಾರ್ಜ್ ಬಾಸೆಲಿಟ್ಸ್ ಜೊತೆ ಪಶ್ಚಿಮ ಜರ್ಮನಿಯ ಮಂಟಪದಲ್ಲಿ ತೋರಿಸಿದಾಗಲೂ ಜರ್ಮನ್ ವಿಮರ್ಶಕರೇ ಮುಗಿಬಿದ್ದರು. ಇವನು ಹಳೆಯ ಪುರಾಣವನ್ನು ವಾಪಸ್ ತರುತ್ತಿದ್ದಾನೆ ಅಂತ.

ಹೊರಗಿನವರೇ ಮೊದಲು ಒಪ್ಪಿಕೊಂಡಿದ್ದು. 1987ರಿಂದ 89ರವರೆಗೆ ಅಮೆರಿಕದಲ್ಲಿ ಶಿಕಾಗೋ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್, ನ್ಯೂಯಾರ್ಕ್ ಅಂತ ದೊಡ್ಡ ಪ್ರದರ್ಶನ ಸುತ್ತಿತು. 1990ರಲ್ಲಿ ಇಸ್ರೇಲಿನ ವುಲ್ಫ್ ಪ್ರಶಸ್ತಿ. ಸೆಲ್ಯೂಟ್ ಹೊಡೆದವನಿಗೆ ಇಸ್ರೇಲಿನಿಂದ ಪ್ರಶಸ್ತಿ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸುಮ್ನೆ ನೋಡೋನು
ಪ್ರಶಸ್ತಿ ಸಿಕ್ಕಿದರೆ ಸರಿ ಅಂತ ಆಗುತ್ತಾ ಮೇಡಂ? ನಮ್ಮಲ್ಲಿ ಯಾರಿಗೆಲ್ಲ ಸಿಕ್ಕಿಲ್ಲ?

ಕುಂಚ ಕಾವೇರಿ
ಆ ವಾದ ಒಪ್ಪಿದೆ. ಆದರೆ ಆ ಕಾಲದ ಜರ್ಮನಿಯನ್ನು ಸ್ವಲ್ಪ ಯೋಚಿಸಿ. ಶಾಲೆಯಲ್ಲಿ ಯುದ್ಧದ ಮಾತು ಬಂದರೆ ಬೇಗ ಬೇಗ ದಾಟಿಸಿಬಿಡುತ್ತಿದ್ದರು. ಮನೆಯಲ್ಲಿ ಅಪ್ಪ ತುಟಿ ಬಿಚ್ಚುವುದಿಲ್ಲ. ಕೀಫರ್ ಹಿಟ್ಲರನ ದನಿ ಕೇಳಿದ್ದು ಅಮೆರಿಕನ್ನರು ಮಾಡಿದ್ದ ಒಂದು ಗ್ರಾಮಫೋನ್ ರೆಕಾರ್ಡಿನಲ್ಲಂತೆ. ಎಲ್ಲರೂ ಕಂಬಳಿ ಹೊದ್ದು ಮಲಗಿದ್ದಾಗ ಇವನು ಕಂಬಳಿ ಎಳೆದ. ಎಳೆದ ರೀತಿ ಒರಟು, ಅದು ನಿಜ. ಮತ್ತೆ ಅವನು ತನ್ನನ್ನು ಹೊರಗಿಟ್ಟುಕೊಂಡು ಬೈಯಲಿಲ್ಲ. ಆ ಕಾಲದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಆ ಕೋಟು ತಾನೇ ತೊಟ್ಟು ನೋಡಿದ. ನನಗೆ ಅದು ಮುಖ್ಯ.

ಬ್ಯಾಟರಿ ಬಾಬಣ್ಣ
ಕಲೆ ಗಿಲೆ ನನಗೆ ತಿಳಿಯದು. ಆದರೆ ಸೀಸ ಅಂದ್ರಲ್ಲ, ಅಲ್ಲಿ ನಾನು ಮಾತಾಡಬಹುದು. ಹಳೇ ಬ್ಯಾಟರಿ ಅಂಗಡಿ ಇಟ್ಟು 22 ವರ್ಷ ಆಯ್ತು. ಸೀಸದಲ್ಲಿ ಪುಸ್ತಕ ಮಾಡ್ತಾನೆ ಅಂದ್ರೆ ಎಷ್ಟು ದಪ್ಪದ ಹಾಳೆ? ಎತ್ತೋದು ಹೇಗೆ?

ಕುಂಚ ಕಾವೇರಿ
ಬಾಬಣ್ಣ, ನಿಮ್ಮಂಥವರೇ ಬೇಕಿತ್ತು. ಎತ್ತುವುದಿಲ್ಲ, ಕ್ರೇನ್, ಫೋರ್ಕ್‌ಲಿಫ್ಟ್. ಓಸ್ಲೋದ ಒಂದು ಮ್ಯೂಸಿಯಂನಲ್ಲಿ ಇವನ ಒಂದು ಕೆಲಸ ಇದೆ. ಎರಡು ಉಕ್ಕಿನ ಕಪಾಟು, ಅದರಲ್ಲಿ ಸುಮಾರು 200 ಸೀಸದ ಪುಸ್ತಕಗಳು. ಯೂಫ್ರೆಟಿಸ್, ಟೈಗ್ರಿಸ್ ಅಂತ ಆ ಕಪಾಟುಗಳಿಗೆ ನದಿಗಳ ಹೆಸರು. ಅದನ್ನು ಯಾರೂ ತೆಗೆದು ಓದುವ ಹಾಗಿಲ್ಲ. ಓದಲಾರದಷ್ಟು ಭಾರದ ಪುಸ್ತಕ!

ಸೀಸ ಹೇಗೆ ಸಿಕ್ಕಿತು ಅನ್ನುವುದು ಚೆನ್ನಾಗಿದೆ. ಹಳೇ ಮನೆಯಲ್ಲಿ ಪೈಪ್ ರಿಪೇರಿ ಮಾಡಿಸುವಾಗ ಸೀಸದ ಕೊಳವೆ ನೋಡಿ ಅದರ ಹಿಂದೆ ಬಿದ್ದರಂತೆ. ಆಮೇಲೆ 1985ರ ಸುಮಾರಿಗೆ ಕಲೋನ್ ನಗರದ ದೊಡ್ಡ ಚರ್ಚಿನ ಚಾವಣಿ ದುರಸ್ತಿ ನಡೆಯಿತು. ಅಲ್ಲಿ ಕಿತ್ತ ಹಳೇ ಸೀಸದ ತಗಡನ್ನು ಕೀಫರ್ ಕೊಂಡುಕೊಂಡರು. ಎಷ್ಟೋ ವರ್ಷ ಮಳೆ, ಹಿಮ, ಯುದ್ಧದ ಹೊಗೆ ಎಲ್ಲ ಕುಡಿದ ತಗಡು ಅದು.

ಬ್ಯಾಟರಿ ಬಾಬಣ್ಣ
ಹಾ, ಹಳೇ ಸೀಸಕ್ಕೆ ಬೇರೇನೇ ಬಣ್ಣ ಬರುತ್ತೆ. ಹೊಸದಾಗಿ ಕುಯ್ದರೆ ಬೆಳ್ಳಿ ಥರ ಫಳಫಳ, ಎರಡೇ ದಿನಕ್ಕೆ ಮಂಕು, ಆಮೇಲೆ ಬಿಳಿ ಪುಡಿ ಏಳುತ್ತೆ. 327 ಡಿಗ್ರಿಗೆ ಕರಗುತ್ತೆ, ಅದಕ್ಕೇ ಸೌದೆ ಒಲೆಯಲ್ಲೂ ಕರಗಿಸ್ತಾರೆ. ಆದರೆ ಆ ಹೊಗೆ ವಿಷ. ನಮ್ಮ ಕಡೆ ಗೋದಾಮಿನಲ್ಲಿ ಹುಡುಗರು ಮಾಸ್ಕ್ ಇಲ್ಲದೆ ಕರಗಿಸಿ ಹೊಟ್ಟೆನೋವು ಅಂತ ಒದ್ದಾಡಿದ್ದು ನೋಡಿದ್ದೀನಿ. ಈ ಯಪ್ಪ ಮಾಸ್ಕ್ ಹಾಕ್ತಾನಾ?

ಊರುಬಿಟ್ಟವ
ಸಿನಿಮಾ ನಿರ್ದೇಶಕ ವಿಮ್ ವೆಂಡರ್ಸ್ 2023ರಲ್ಲಿ ಇವರ ಮೇಲೆ 3ಡಿ ಸಾಕ್ಷ್ಯಚಿತ್ರ ಮಾಡಿದ್ದಾರೆ. ನಿನ್ನೆ ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದೆ (3ಡಿ ಇಲ್ಲದೆ, ಪಾಪ). ಒಂದು ದೃಶ್ಯ ಇದೆ. ಹುಲ್ಲು ಅಂಟಿಸಿದ ದೊಡ್ಡ ಚಿತ್ರ. ಕೀಫರ್ ಕೈಯಲ್ಲಿ ಬೆಂಕಿ ಉಗುಳುವ ಕೊಳವೆ. ಚಿತ್ರಕ್ಕೆ ಬೆಂಕಿ ಇಡುತ್ತಾರೆ. ಪಕ್ಕದಲ್ಲಿ ಸಹಾಯಕ ನೀರಿನ ಪೈಪ್ ಹಿಡಿದು ಕಾಯುತ್ತಾ ನಿಂತಿರುತ್ತಾನೆ, ಇವರು ಹೇಳಿದ ಕಡೆ ನೀರು ಬಿಡುತ್ತಾನೆ. ಆಮೇಲೆ ಕರಗಿದ ಸೀಸ ಕ್ಯಾನ್ವಾಸಿನ ಮೇಲೆ ಸುರಿಯುವುದು. ಪ್ಯಾರಿಸ್ ಹತ್ತಿರ ಕ್ರುವಾಸಿಯಲ್ಲಿ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ಹಳೇ ಗೋದಾಮೇ ಇವರ ಸ್ಟುಡಿಯೋ. ಎಷ್ಟು ದೊಡ್ಡದು ಅಂದರೆ ಒಳಗೆ ಸೈಕಲ್ ಹೊಡೆದುಕೊಂಡು ಓಡಾಡುತ್ತಾರೆ!

ಪುಸ್ತಕದ ಹುಳು
ಹುಲ್ಲು, ಬೆಂಕಿ, ಅದರ ಮೇಲೆ ಇನ್ನೇನು ಬಳಿಯುತ್ತಾರೆ?

ಕುಂಚ ಕಾವೇರಿ
ಶೆಲ್ಲ್ಯಾಕ್. ಅಂದರೆ ನಮ್ಮ ಅರಗು. ಬೂದಿ, ಮಣ್ಣು, ಮರಳು ಕೂಡ.

ಪುಸ್ತಕದ ಹುಳು
ಅರಗು, ಹುಲ್ಲು, ಬೆಂಕಿ! ಇದು ಚಿತ್ರ ಅಲ್ಲ, ವಾರಣಾವತದ ಅರಗಿನ ಮನೆ. ಪುರೋಚನನಿಗೆ ಗ್ಯಾಲರಿಯವರು ಸಿಗಲಿಲ್ಲ ಅಷ್ಟೆ.

ಗರಂ ಗಿರ್ಮಿಟ್
😂😂 ಪಾಂಡವರು ಸುರಂಗದಾಗಿಂದ ಪಾರಾದ್ರು, ನೋಡೋಕೆ ಬಂದವರು ಎಲ್ಲಿಂದ ಪಾರಾಗಬೇಕು?

ಫ್ರೈಬುರ್ಗ್ ಅಕ್ಕ
ಸುರಂಗವೂ ಇದೆ! ತಮಾಷೆ ಅಲ್ಲ. 1992ರಲ್ಲಿ ಜರ್ಮನಿ ಬಿಟ್ಟು ದಕ್ಷಿಣ ಫ್ರಾನ್ಸಿನ ಬಾರ್ಜಾಕ್‌ಗೆ ಹೋದರು. ಅಲ್ಲೊಂದು ಹಳೇ ರೇಷ್ಮೆ ಕಾರ್ಖಾನೆ, ಸುತ್ತ 40 ಹೆಕ್ಟೇರ್ ಜಾಗ. ಅದರ ತುಂಬ ಗೋಪುರ ಕಟ್ಟಿದರು, ನೆಲದಡಿ ಸುರಂಗ ಕೊರೆದರು, ಒಂದೊಂದು ಚಿತ್ರಕ್ಕೆ ಒಂದೊಂದು ಮನೆ ಕಟ್ಟಿದರು. 2022ರಿಂದ ಜನರಿಗೆ ತೆರೆದಿದ್ದಾರೆ, ಮೊದಲೇ ಬುಕ್ ಮಾಡಬೇಕು. ನಾನು ಹೋದ ವರ್ಷ ಹೋಗಿದ್ದೆ. ನಮ್ಮ ಯಜಮಾನರು ಎರಡನೇ ಸುರಂಗಕ್ಕೇ ಕೈಮುಗಿದು ಹೊರಗೆ ಬೆಂಚಿನ ಮೇಲೆ ಕೂತರು.

ಮಾಲೂರು ಮಣ್ಣು
ತುಂಬ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಕೀಫರ್ 90ರ ದಶಕದಲ್ಲಿ ಭಾರತಕ್ಕೆ ಬಂದು ಇಟ್ಟಿಗೆ ಗೂಡುಗಳ ಫೋಟೋ ತೆಗೆದುಕೊಂಡು ಹೋಗಿದ್ದರು ಅಂತ ಓದಿದ್ದೆ. ಆಮೇಲಿನ ಅವರ ಚಿತ್ರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ದೊಡ್ಡ ಇಟ್ಟಿಗೆಯ ಪಿರಮಿಡ್ ಬರುತ್ತದೆ. ಕ್ಯಾನ್ವಾಸಿನ ಮೇಲೆ ನಿಜವಾದ ಮಣ್ಣು, ಮರಳು. ಒಣಗಿ ಬಿರುಕು ಬಿಟ್ಟಿರುತ್ತದೆ. ವಿಮರ್ಶಕರು ಅದರಲ್ಲಿ ಬ್ಯಾಬಿಲೋನ್, ಈಜಿಪ್ಟ್ ಎಲ್ಲ ಕಾಣುತ್ತಾರೆ. ನನಗೆ ಕಂಡಿದ್ದು ನಮ್ಮ ತಾತನ ಗೂಡು.

ಗೂಡು ಜೋಡಿಸುವುದನ್ನು ನೋಡಿಲ್ಲದವರಿಗೆ ಹೇಳುತ್ತೇನೆ. ಅಚ್ಚಿನಿಂದ ತೆಗೆದ ಹಸಿ ಇಟ್ಟಿಗೆಯನ್ನು ಮೊದಲು ನೆಲದಲ್ಲಿ ಸಾಲಾಗಿ ಒಣಗಿಸುತ್ತಾರೆ. ಆಮೇಲೆ ಒಂದರ ಮೇಲೊಂದು ಪೇರಿಸುತ್ತಾರೆ, ನಡುವೆ ಗಾಳಿಗೆ ಸಂದು ಬಿಟ್ಟು. ಕೆಳಗೆ ಸೌದೆ ತುಂಬಲು ಬಾಯಿ ಇರುತ್ತದೆ. ಮೇಲೆ ಹೋದ ಹಾಗೆ ಒಂದೊಂದು ಸಾಲು ಒಳಗೆ ಬರುತ್ತದೆ, ಇಲ್ಲದಿದ್ದರೆ ಬೆಂಕಿಗೆ ಹಿಗ್ಗಿ ಜರುಗಿಬಿಡುತ್ತದೆ. ಹೊರಗೆ ಕೆಸರು ಮೆತ್ತುತ್ತಾರೆ. ಬೆಂಕಿ ಹಾಕಿದರೆ ವಾರಗಟ್ಟಲೆ ಹೊಗೆ. ಸುಟ್ಟ ಮೇಲೆ ಇಟ್ಟಿಗೆ ಮಾರಾಟ ಆಗುತ್ತಾ ಆಗುತ್ತಾ ಗೂಡು ಒಂದು ಕಡೆಯಿಂದ ಕರಗುತ್ತದೆ. ಅಂದರೆ ಅದು ಕಟ್ಟುವಾಗಲೂ ಪಾಳು ಬಿದ್ದ ಹಾಗೆ ಕಾಣುತ್ತದೆ, ಬಿಚ್ಚುವಾಗಲೂ ಪಾಳು ಬಿದ್ದ ಹಾಗೇ ಕಾಣುತ್ತದೆ. ಕೀಫರ್ ಹಿಡಿದಿದ್ದು ಅದನ್ನೇ ಅನ್ನಿಸುತ್ತದೆ. ಬಿದ್ದ ಮನೆಯ ಇಟ್ಟಿಗೆಯಲ್ಲಿ ಆಡಿ ಬೆಳೆದ ಹುಡುಗ ಇಲ್ಲಿ ಬಂದು ಇಟ್ಟಿಗೆ ಹುಟ್ಟುವ ಜಾಗ ನೋಡಿದ.

ಊರುಬಿಟ್ಟವ
ಸರ್, ಇಡೀ ಚರ್ಚೆಯಲ್ಲಿ ಇದೇ ಬೆಸ್ಟ್ ಕಾಮೆಂಟ್. ಇನ್ನೂ ಬರೆಯಿರಿ.

ಲೆಕ್ಕದ ಮೇಷ್ಟ್ರು
ಮಾಲೂರಿನ ಹೆಂಚು ಗೊತ್ತಿತ್ತು. ಈಗ ಹಾಲೋ ಬ್ಲಾಕ್ ಬಂದ ಮೇಲೆ ಗೂಡುಗಳ ಕಥೆ ಏನು? ನಮ್ಮ ಮನೆ ಕಟ್ಟುವಾಗ ಒಬ್ಬ ಇಟ್ಟಿಗೆ ಅಂತ ಕೊಟ್ಟಿದ್ದು ನೀರು ಹಾಕಿದರೆ ಬಿಸ್ಕತ್ತಿನ ಹಾಗೆ ಕರಗುತ್ತಿತ್ತು.

ಮಾಲೂರು ಮಣ್ಣು
ಅರೆಬೆಂದ ಇಟ್ಟಿಗೆ ಕೊಟ್ಟಿದ್ದಾರೆ ಮೇಷ್ಟ್ರೇ. ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿ ನೋಡಬೇಕು, ಟಣ್ ಅನ್ನಬೇಕು. ತಪ್ ಅಂದರೆ ವಾಪಸ್ ಕಳಿಸಿ.

ಲೆಕ್ಕದ ಮೇಷ್ಟ್ರು
ಮನೆ ಕಟ್ಟಿ 14 ವರ್ಷ ಆಯ್ತಪ್ಪ. ಯಾರಿಗೆ ವಾಪಸ್ ಕಳಿಸಲಿ?

ನಿರ್ವಾಹಕ
ಮನೆ ಕಟ್ಟುವ ಮಾತಿಗೆ ಬೇರೆ ವಿಭಾಗ ಇದೆ. ದಯವಿಟ್ಟು ಕೀಫರ್‌ಗೆ ವಾಪಸ್ ಬನ್ನಿ.

ಗರಂ ಗಿರ್ಮಿಟ್
ಬಂದೆ. ಅವರ ಸೂರ್ಯಕಾಂತಿ ಚಿತ್ರ ನೋಡಿದೆ ಈಗ. ವ್ಯಾನ್ ಗೋ ಥರ ಹಳದಿ ಇರಬಹುದು ಅಂದುಕೊಂಡಿದ್ದೆ. ಇದು ಪೂರ್ತಿ ಒಣಗಿದ್ದು, ಕಪ್ಪಗೆ, ತಲೆ ಬಗ್ಗಿಸಿಕೊಂಡು ನಿಂತದ್ದು. ನಮ್ಮ ಗದಗ ಕಡೆ ಕೊಯ್ಲಿಗೆ ಬಂದ ಹೊಲ ಹಿಂಗೇ ಇರ್ತದ. ಹೂ ಇದ್ದಾಗ ಎಲ್ಲರೂ ಗಾಡಿ ನಿಲ್ಲಿಸಿ ಸೆಲ್ಫಿ ತೊಗೋತಾರ. ತಲೆ ಬಗ್ಗಿದ ಮ್ಯಾಲ ಯಾರೂ ತಿರುಗಿ ನೋಡಂಗಿಲ್ಲ. ಬೀಜ ಇರೋದು ಆವಾಗ!

ಕುಂಚ ಕಾವೇರಿ
ಸರಿಯಾಗಿ ಹಿಡಿದಿರಿ. ರಾಬರ್ಟ್ ಫ್ಲಡ್ ಅಂತ 17ನೇ ಶತಮಾನದ ಒಬ್ಬ ಇಂಗ್ಲಿಷ್ ವೈದ್ಯ ಇದ್ದ. ಭೂಮಿಯ ಒಂದೊಂದು ಗಿಡಕ್ಕೂ ಆಕಾಶದಲ್ಲಿ ಒಂದೊಂದು ನಕ್ಷತ್ರ ಇದೆ ಅನ್ನುವುದು ಅವನ ನಂಬಿಕೆ. ಕೀಫರ್‌ಗೆ ಅದು ಹಿಡಿಸಿತು. ಕಪ್ಪು ಬೀಜಗಳನ್ನು ಬಿಳಿ ಹಿನ್ನೆಲೆಯ ಮೇಲೆ ಅಂಟಿಸಿದರೆ ಅದು ತಲೆಕೆಳಗಾದ ನಕ್ಷತ್ರದ ಆಕಾಶ. ವ್ಯಾನ್ ಗೋ ನಂಟೂ ಹಳೆಯದು. 1963ರಲ್ಲಿ, 18 ವರ್ಷದ ಹುಡುಗ, ಒಂದು ಸಣ್ಣ ಸ್ಕಾಲರ್‌ಶಿಪ್ ಸಿಕ್ಕಿತು ಅಂತ ಹಾಲೆಂಡಿನಿಂದ ದಕ್ಷಿಣ ಫ್ರಾನ್ಸಿನ ಆರ್ಲ್‌ವರೆಗೆ ವ್ಯಾನ್ ಗೋ ಓಡಾಡಿದ ದಾರಿಯಲ್ಲೇ ಹೋಗಿದ್ದ. 2025ರಲ್ಲಿ ಆಮ್‌ಸ್ಟರ್‌ಡಾಮಿನ ವ್ಯಾನ್ ಗೋ ಮ್ಯೂಸಿಯಂನಲ್ಲೇ ಅವನ ಪ್ರದರ್ಶನ ನಡೆಯಿತು.

ಸುಮ್ನೆ ನೋಡೋನು
ಸರಿ, ಹೂವು ಒಪ್ಪಿದೆ, ಇಟ್ಟಿಗೆ ಒಪ್ಪಿದೆ. ನನ್ನ ತಕರಾರು ಗಾತ್ರದ್ದು. ಇಷ್ಟು ದೊಡ್ಡದು ಯಾಕೆ? 90 ಟನ್, 40 ಹೆಕ್ಟೇರ್, ಸೈಕಲ್ ಹೊಡೆಯುವಷ್ಟು ದೊಡ್ಡ ಸ್ಟುಡಿಯೋ. ಎದುರು ನಿಂತವನು ಇರುವೆ ಆಗಬೇಕು ಅನ್ನುವುದು ಹಿಟ್ಲರನ ವಾಸ್ತುಶಿಲ್ಪಿಗಳ ಹುಚ್ಚು. ಅದನ್ನು ಟೀಕಿಸುತ್ತೇನೆ ಅಂದುಕೊಂಡು ಅದೇ ಹುಚ್ಚನ್ನು ಮತ್ತೆ ಕಟ್ಟುತ್ತಿದ್ದಾನೆ ಈ ಮನುಷ್ಯ. ಗಿಮಿಕ್ ಅಂದಿದ್ದು ವಾಪಸ್ ತೊಗೊಳ್ಳುತ್ತೇನೆ, ಇದನ್ನು ಮಾತ್ರ ತೊಗೊಳ್ಳಲ್ಲ.

ಕುಂಚ ಕಾವೇರಿ
ಇದು ಗಟ್ಟಿ ಪ್ರಶ್ನೆ. ನನಗೂ ಈ ಅನುಮಾನ ಪೂರ್ತಿ ಹೋಗಿಲ್ಲ. ಒಂದೇ ಒಂದು ಚಿತ್ರ ಇಟ್ಟುಕೊಂಡು ಮಾತಾಡೋಣ.

ಪೌಲ್ ಸೆಲಾನ್ ಅಂತ ಕವಿ. ಚೆರ್ನೋವಿಟ್ಸ್ ಊರಿನ ಯಹೂದಿ. ಅಪ್ಪ ಅಮ್ಮ ಇಬ್ಬರೂ ಕ್ಯಾಂಪಿನಲ್ಲಿ ಸತ್ತರು. ಅಮ್ಮನ ನುಡಿ ಜರ್ಮನ್, ಅಮ್ಮನನ್ನು ಕೊಂದವರ ನುಡಿಯೂ ಜರ್ಮನ್. ಆ ನುಡಿಯಲ್ಲೇ ಕೊನೆವರೆಗೂ ಬರೆದ. ಅವನ 'ಮರಣದ ಫ್ಯೂಗ್' (ಫ್ಯೂಗ್ ಅಂದರೆ ಪಾಶ್ಚಾತ್ಯ ಸಂಗೀತದ ಒಂದು ಪ್ರಕಾರ) ಪದ್ಯದಲ್ಲಿ ಇಬ್ಬರು ಹೆಂಗಸರು. ಚಿನ್ನದ ಕೂದಲಿನ ಮಾರ್ಗರೆಟೆ, ಜರ್ಮನ್. ಬೂದಿ ಬಣ್ಣದ ಕೂದಲಿನ ಸುಲಾಮಿತ್, ಯಹೂದಿ.

ಕೀಫರ್ 1981ರಲ್ಲಿ 'ಮಾರ್ಗರೆಟೆ' ಮಾಡಿದ. ಹೆಂಗಸಿನ ಮುಖ ಇಲ್ಲ. ಕ್ಯಾನ್ವಾಸಿಗೆ ಅಂಟಿಸಿದ ಒಣಹುಲ್ಲಿನ ಎಳೆಗಳು ಮೇಲಕ್ಕೆ ಎದ್ದಿವೆ, ತುದಿಯಲ್ಲಿ ಸಣ್ಣ ಜ್ವಾಲೆ. ಅದೇ ಚಿನ್ನದ ಕೂದಲು. ಹುಲ್ಲು ಉರಿದರೆ ಏನಾಗುತ್ತದೆ? ಬೂದಿ. ಅಂದರೆ ಮಾರ್ಗರೆಟೆಯ ಕೂದಲು ಸುಟ್ಟರೆ ಸುಲಾಮಿತ್‌ಳ ಕೂದಲು. ಇದನ್ನು ಬಣ್ಣದಲ್ಲಿ ಬರೆದು ತೋರಿಸಬೇಕಿಲ್ಲ, ಆ ಹುಲ್ಲೇ ಹೇಳುತ್ತದೆ. ಅದಕ್ಕೇ ಹುಲ್ಲು.

1983ರಲ್ಲಿ 'ಸುಲಾಮಿತ್'. ಸುಮಾರು 3 ಮೀಟರ್ ಎತ್ತರ, ಅದಕ್ಕಿಂತ ಜಾಸ್ತಿ ಅಗಲ. ತಗ್ಗಿನ ಕಮಾನುಗಳ ಇಟ್ಟಿಗೆ ಹಜಾರ, ಒಳಗೆಲ್ಲ ಮಸಿ, ಥೇಟ್ ದೊಡ್ಡ ಒಲೆ. ಈ ಹಜಾರ ಅವನ ಕಲ್ಪನೆಯದ್ದಲ್ಲ. ವಿಲ್‌ಹೆಲ್ಮ್ ಕ್ರೈಸ್ ಅನ್ನುವ ವಾಸ್ತುಶಿಲ್ಪಿ 1939ರ ಸುಮಾರಿಗೆ ಬರ್ಲಿನ್‌ನಲ್ಲಿ ಜರ್ಮನ್ ಸೈನಿಕರ ಗೌರವಕ್ಕೆ ಅಂತ ಯೋಜಿಸಿದ ಸ್ಮಾರಕದ ಹಜಾರ. ಕೀಫರ್ ಅದನ್ನೇ ಎತ್ತಿಕೊಂಡು, ಮಸಿ ಬಳಿದು, ತುತ್ತತುದಿಯಲ್ಲಿ ಏಳು ಸಣ್ಣ ದೀಪ ಇಟ್ಟ. ಯಹೂದಿಗಳ ಏಳು ಕುಡಿಯ ದೀಪದ ನೆನಪಿಗೆ. ಮೂಲೆಯಲ್ಲಿ ಸಣ್ಣಗೆ ಅವಳ ಹೆಸರು. ಕೊಂದವರ ಸ್ಮಾರಕವನ್ನು ಕಿತ್ತು ಸತ್ತವಳಿಗೆ ಕೊಟ್ಟುಬಿಟ್ಟ. ಇದನ್ನು ಅಂಗೈಯಗಲದ ಕಾಗದದಲ್ಲಿ ಮಾಡಿದರೆ ಆಗುತ್ತಿತ್ತಾ? ಆ ಕಟ್ಟಡದ ಸೊಕ್ಕು ಕಾಣದೆ ಹೋದರೆ ಅದರೊಳಗಿನ ದೀಪ ಎಷ್ಟು ಸಣ್ಣದು ಅಂತ ಹೇಗೆ ಗೊತ್ತಾಗಬೇಕು?

ಸುಮ್ನೆ ನೋಡೋನು
'ಸುಲಾಮಿತ್'ಗೆ ಒಪ್ಪಿದೆ. ಬಾರ್ಜಾಕ್‌ಗೆ ಒಪ್ಪಿಲ್ಲ. ಒಂದು ಸಲ ಹೇಳಿದ್ದು ಎದೆಗೆ ತಾಗುತ್ತದೆ. 50 ವರ್ಷ ಅದನ್ನೇ ಹೇಳಿದರೆ ಅದು ಅಂಗಡಿ.

ಫ್ರೈಬುರ್ಗ್ ಅಕ್ಕ
ಇಲ್ಲಿನ ನನ್ನ ಪಕ್ಕದ ಮನೆ ಅಜ್ಜಿಯೂ ಇದನ್ನೇ ಅನ್ನುತ್ತಾರೆ. "ಸಾಕು ಮಾಡಿ ಇನ್ನು" ಅಂತ. ಆದರೆ ಅವರು ಅವರ ಅಪ್ಪನ ವಿಷಯ ಒಂದು ದಿನವೂ ಬಾಯಿ ಬಿಟ್ಟಿಲ್ಲ. ನಿಮಗೆ ಹೇಳುತ್ತಿಲ್ಲ ಸರ್, ನೆನಪಾಯಿತು ಅಷ್ಟೆ.

ಲೆಕ್ಕದ ಮೇಷ್ಟ್ರು
ಕೀಫರ್ ಜರ್ಮನ್ ಕಲಾವಿದ ಜೋಸೆಫ್ ಬಾಯ್ಸ್ ಅವರ ಶಿಷ್ಯ ಅಂತ ಒಂದು ಕಡೆ ಓದಿದೆ. ಇದಾದರೂ ಸರಿಯಾ, ಅಥವಾ ಇದೂ ತಪ್ಪಾ?

ಕುಂಚ ಕಾವೇರಿ
ಅರ್ಧ ಸರಿ 🙂 ಬಾಯ್ಸ್ ತರಗತಿಗೆ ಸೇರಿದ ವಿದ್ಯಾರ್ಥಿ ಅಲ್ಲ. 70ರ ದಶಕದ ಶುರುವಿನಲ್ಲಿ ಓಡೆನ್‌ವಾಲ್ಡ್ ಕಾಡಿನ ಹಳ್ಳಿಯಲ್ಲಿ ಇದ್ದುಕೊಂಡು, ಚಿತ್ರಗಳನ್ನು ಸುತ್ತಿಕೊಂಡು ಡ್ಯುಸೆಲ್‌ಡಾರ್ಫಿಗೆ ಹೋಗಿ ಬಾಯ್ಸ್‌ಗೆ ತೋರಿಸಿ ಬರುತ್ತಿದ್ದ. ಏಕಲವ್ಯನಷ್ಟು ದೂರವೂ ಅಲ್ಲ, ಅರ್ಜುನನಷ್ಟು ಹತ್ತಿರವೂ ಅಲ್ಲ. ಬಾಯ್ಸ್ ಕೊಬ್ಬು, ಕಂಬಳಿ ಬಳಸಿದರು, ಇವನು ಸೀಸ, ಹುಲ್ಲು.

ಗರಂ ಗಿರ್ಮಿಟ್
ಕೀಫರ್ ಅಂದ್ರ ಅರ್ಥ ಏನಕ್ಕಾ?

ಫ್ರೈಬುರ್ಗ್ ಅಕ್ಕ
ಜರ್ಮನ್‌ನಲ್ಲಿ ಎರಡು ಅರ್ಥ. ಸ್ತ್ರೀಲಿಂಗವಾದರೆ ಪೈನ್ ಮರ, ಪುಲ್ಲಿಂಗವಾದರೆ ದವಡೆ. ಹಲ್ಲಿನ ಡಾಕ್ಟರ ಹತ್ತಿರ ನಾನು ಲಿಂಗ ತಪ್ಪಿಸಿ "ನನ್ನ ಪೈನ್ ಮರ ನೋಯುತ್ತಿದೆ" ಅಂದಿದ್ದೆ.

ಬ್ಯಾಟರಿ ಬಾಬಣ್ಣ
😂 ಡಾಕ್ಟರು ಕೊಡಲಿ ತಂದ್ರಾ?

ಪುಸ್ತಕದ ಹುಳು
ಗಾತ್ರದ ಜಗಳಕ್ಕೆ ನನ್ನದೊಂದು ಮಾತು. ದೊಡ್ಡದು ಬೇಡ ಅನ್ನುವವರು ಜರ್ಮನ್ ಕಲಾವಿದೆ ಕೇಟೆ ಕೋಲ್‌ವಿಟ್ಸ್ ನೋಡಿ. ಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನಲ್ಲಿ ಸತ್ತ. ತಾಯಿ ವರ್ಷಗಟ್ಟಲೆ ಕೆತ್ತಿ, ಕೆಡಿಸಿ, ಮತ್ತೆ ಕೆತ್ತಿ 1932ರಲ್ಲಿ ಅವನಿದ್ದ ಸ್ಮಶಾನದಲ್ಲಿ ಎರಡು ಕಲ್ಲಿನ ಮೂರ್ತಿ ಇಟ್ಟಳು. ಮೊಣಕಾಲೂರಿದ ಅಪ್ಪ, ಅಮ್ಮ. ಅಷ್ಟೇ. ಅಪ್ಪ ಕೈಕಟ್ಟಿ ತನ್ನನ್ನೇ ತಾನು ಹಿಡಿದುಕೊಂಡಿದ್ದಾನೆ. 90 ಟನ್ ಇಲ್ಲ.

ಸುಮ್ನೆ ನೋಡೋನು
ಥ್ಯಾಂಕ್ಸ್ ಗುರು. ನಾನು ಹೇಳಲು ಒದ್ದಾಡುತ್ತಿದ್ದಿದ್ದು ಇದನ್ನೇ.

ಕುಂಚ ಕಾವೇರಿ
ಕೋಲ್‌ವಿಟ್ಸ್ ಮಗನನ್ನು ಕಳೆದುಕೊಂಡ ತಾಯಿ. ಅವಳಿಗೆ ಯಾರಿಗಾಗಿ ಅಳಬೇಕು ಅಂತ ಗೊತ್ತಿತ್ತು. ಕೀಫರ್‌ಗೆ ತಾನು ನೋಡದ ಸಾವುಗಳು, ತನ್ನ ಅಪ್ಪಂದಿರು ಮಾಡಿದ ಸಾವುಗಳು. ಆ ದುಃಖಕ್ಕೆ ಅವನಿಗೆ ಹಕ್ಕೇ ಇದೆಯೋ ಇಲ್ಲವೋ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಸುಮ್ನೆ ನೋಡೋನು
ಹಾಕಿಲ್ಲ. ಯಾವುದರ ಮುಂದೆ ನನಗೆ ಕಣ್ಣು ಒದ್ದೆ ಆಗುತ್ತದೆ ಅಂತ ಹೇಳಿದೆ ಅಷ್ಟೇ.

ಊರುಬಿಟ್ಟವ
ಇವತ್ತು ಮತ್ತೆ ಹೋಗಿದ್ದೆ. (ಯಾರಾದರೂ ಬರುವವರಿದ್ದರೆ ಸೋಮವಾರದಿಂದ ಬುಧವಾರದವರೆಗೆ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಸ್ವೆಟರ್ ತನ್ನಿ, ಒಳಗೆ ಚಳಿ.) ಬಾಬಣ್ಣನ ಮಾತು ನೆನಪಿಟ್ಟುಕೊಂಡು ಸೀಸದ ಪುಸ್ತಕಗಳನ್ನೇ ಹುಡುಕಿಕೊಂಡು ನೋಡಿದೆ. ಹೋದ ವಾರ ಅವು ಅಲಂಕಾರಕ್ಕೆ ಅಂದುಕೊಂಡಿದ್ದೆ. ಅಲ್ಲ. ಗೋಪುರದ ಒಂದು ಅಂತಸ್ತಿಗೂ ಇನ್ನೊಂದು ಅಂತಸ್ತಿಗೂ ನಡುವೆ, ಕಾಂಕ್ರೀಟಿನ ಕೆಳಗೆ, ಸಿಕ್ಕಿಸಿದ್ದಾರೆ. ಅಲ್ಲಿದ್ದ ಗೈಡ್ ಹುಡುಗನನ್ನು ಕೇಳಿದೆ. ಸೀಸ ಮೆತ್ತಗಿರುತ್ತದೆ, ಮೇಲಿನ ಭಾರಕ್ಕೆ ಅದುಮಿಕೊಂಡು ಸರಿಯಾಗಿ ಕೂರುತ್ತದೆ, ಗೋಪುರ ನಿಲ್ಲಲು ಅದೂ ಸಹಾಯ ಮಾಡುತ್ತದೆ ಎಂದ. ಕಾಂಕ್ರೀಟ್ ಅಂತಸ್ತುಗಳ ಅಚ್ಚು ಹಡಗಿನ ಕಂಟೇನರ್‌ಗಳದ್ದಂತೆ, ಗೆರೆ ಗೆರೆ ಇನ್ನೂ ಕಾಣುತ್ತದೆ.

ನಮ್ಮನೆಯಲ್ಲಿ ಅಲುಗಾಡುವ ಮೇಜಿನ ಕಾಲಿಗೆ ಅಮ್ಮ ನನ್ನ ಹಳೇ ಗಣಿತ ಪುಸ್ತಕ ಕೊಟ್ಟಿದ್ದರು. ಅದೇ ತಂತ್ರ.

ಬ್ಯಾಟರಿ ಬಾಬಣ್ಣ
ನೋಡಿದ್ರಾ! ಭಾರದ ಮಷೀನು ಕೂರಿಸುವಾಗ ನಾವೂ ಅಡಿಗೆ ಸೀಸದ ತಗಡು ಕೊಡ್ತೀವಿ. ಪುಸ್ತಕದ ಅಂಚು ಉಬ್ಬಿದೆಯಾ ನೋಡಿ, ಉಬ್ಬಿದ್ದರೆ ಭಾರ ಅದರ ಮೇಲೇ ಕೂತಿದೆ ಅಂತ ಲೆಕ್ಕ.

ಊರುಬಿಟ್ಟವ
ಉಬ್ಬಿದೆ ಬಾಬಣ್ಣ. ಒಂದರಲ್ಲಂತೂ ಹಾಳೆಗಳು ಹೊರಗೆ ಚಪ್ಪಟೆಯಾಗಿ ಬಂದಿವೆ, ದೋಸೆ ಅಂಚಿನ ಹಾಗೆ. ಫೋಟೋ ಹಾಕಿದ್ದೇನೆ, ಕತ್ತಲೆಗೆ ಸರಿ ಬಂದಿಲ್ಲ.

ಲೆಕ್ಕದ ಮೇಷ್ಟ್ರು
ಗಣಿತ ಪುಸ್ತಕವನ್ನು ಮೇಜಿನ ಕಾಲಿಗೆ ಕೊಟ್ಟಿದ್ದಕ್ಕೆ ನನ್ನ ತೀವ್ರ ಖಂಡನೆ ಇರಲಿ.

ಮಾಲೂರು ಮಣ್ಣು
ಫೋಟೋ ನೋಡಿದೆ ಸರ್. ಮೂರನೆಯದರಲ್ಲಿ ಬಲಗಡೆ ಗೋಪುರದ ಬುಡ ಇನ್ನೊಂದು ಸಲ, ಸ್ವಲ್ಪ ಹತ್ತಿರದಿಂದ ತೆಗೆಯಲು ಆಗುತ್ತಾ? ಅಪ್ಪನಿಗೆ ತೋರಿಸಿದೆ. "ಇದನ್ನು ಜೋಡಿಸಿದವನಿಗೆ ಕೆಲಸ ಗೊತ್ತು, ಆದರೆ ನೆಲ ಸರಿ ಮಾಡಿಕೊಂಡಿಲ್ಲ" ಅಂತಾರೆ.